ಡ್ರ್ಯಾಗನ್‌ಗೆ ಊಟ ಹಾಕುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮನುಷ್ಯರೂ ಡ್ರ್ಯಾಗನ್‌ಗಳೂ ಜಗಳವಿಲ್ಲದೆ ಒಟ್ಟಿಗೆ ಬಾಳಬಹುದೇ? ಈ ಬಗ್ಗೆ ಮಾತಾಡಿ ಅಂತ ಕರೆ ಬಂದಾಗ ನಾನು ನಕ್ಕುಬಿಟ್ಟೆ. ಹಾವು, ಹಲ್ಲಿ, ಉಡ, ಮೊಸಳೆ ಅಂತ ಅಲೆದು ತಲೆಗೂದಲು ಬೆಳ್ಳಗಾದವನು ನಾನು. ಇಲ್ಲದ ಪ್ರಾಣಿಯ ಬಗ್ಗೆ ಏನು ಹೇಳಲಿ? ಆಮೇಲೆ ಯೋಚಿಸಿದೆ, ಹೇಳೋಕೆ ಬೇಕಾದಷ್ಟಿದೆ. ಡ್ರ್ಯಾಗನ್ ಅಂದರೂ ಅದಕ್ಕೊಂದು ಹೊಟ್ಟೆ ಇರಲೇಬೇಕಲ್ವಾ?

ಮಕ್ಕಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಸರ್, ಡ್ರ್ಯಾಗನ್ ಒಳ್ಳೆಯದಾ, ಕೆಟ್ಟದ್ದಾ? ದೊಡ್ಡವರೂ ಅದನ್ನೇ ಕೇಳುತ್ತಾರೆ, ಸ್ವಲ್ಪ ಸುತ್ತಿ ಬಳಸಿ. ದಯವಿಟ್ಟು ಆ ಪ್ರಶ್ನೆ ಬಿಟ್ಟುಬಿಡಿ. ನಾನು ತಿರುಗಿ ಕೇಳುವುದು ಇಷ್ಟೇ: ಅದಕ್ಕೆ ದಿನಕ್ಕೆ ಎಷ್ಟು ಊಟ ಬೇಕು, ಹಾಕುವವರು ಯಾರು?

ಲೆಕ್ಕ ಹಾಕೋಣ. ಒಂದು ಗಂಡು ಸಿಂಹ ಸುಮಾರು 190 ಕಿಲೋ ತೂಗುತ್ತದೆ. ದಿನಕ್ಕೆ ಸರಾಸರಿ ಆರು ಕಿಲೋ ಮಾಂಸ ತಿನ್ನುತ್ತದೆ. ನಮ್ಮ ಡ್ರ್ಯಾಗನ್ ಆನೆಯಷ್ಟಿದೆ, 5,000 ಕಿಲೋ ಅಂತ ಇಟ್ಟುಕೊಳ್ಳಿ. ತೂಕ ಇಪ್ಪತ್ತಾರು ಪಟ್ಟಾಯಿತು. ಊಟ ಮಾತ್ರ ಅಷ್ಟು ಏರುವುದಿಲ್ಲ. ಪ್ರಾಣಿ ದೊಡ್ಡದಾದಷ್ಟೂ ಕಿಲೋ ತೂಕಕ್ಕೆ ಬೇಕಾಗುವ ಊಟ ಕಮ್ಮಿ. ಹಾಗಾಗಿ ಸುಮಾರು ಹನ್ನೆರಡು ಪಟ್ಟು. ದಿನಕ್ಕೆ 70 ಕಿಲೋ ಮಾಂಸ. ಹೆಚ್ಚುಕಮ್ಮಿ ಎರಡು ಕುರಿ.

ಈ ಎರಡು ಕುರಿ ಕಂಡಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ಸಂತ ಜಾರ್ಜ್ ಡ್ರ್ಯಾಗನ್ ಕೊಂದ ಕಥೆ ಕೇಳಿದ್ದೀರಲ್ಲ? 13ನೇ ಶತಮಾನದಲ್ಲಿ ಯುರೋಪಿನಲ್ಲಿ ಬರೆದಿಟ್ಟ ಆ ಕಥೆಯಲ್ಲಿ ಸಿಲೇನ್ ಅಂತ ಒಂದು ಊರು. ಊರ ಪಕ್ಕದ ಕೆರೆಯಲ್ಲಿ ಡ್ರ್ಯಾಗನ್. ಜನ ಅದಕ್ಕೆ ದಿನಾ ಏನು ಕೊಡುತ್ತಿದ್ದರು ಗೊತ್ತಾ? ಎರಡು ಕುರಿ! ಕೊಡುತ್ತಿದ್ದಷ್ಟು ದಿನ ಅದು ಊರ ತಂಟೆಗೆ ಬರಲಿಲ್ಲ. ಕುರಿ ಕಮ್ಮಿಯಾದವು. ಆಗ ಒಂದು ಕುರಿ, ಒಬ್ಬ ಮನುಷ್ಯ. ಚೀಟಿ ಎತ್ತಿ ಆರಿಸುತ್ತಿದ್ದರು. ಒಂದು ದಿನ ಚೀಟಿ ರಾಜನ ಮಗಳಿಗೇ ಬಂತು. ನಮ್ಮ ಬಕಾಸುರನ ಕಥೆ ನೆನಪಾಯಿತಲ್ವಾ? ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಹೋದವನು. ಎರಡೂ ಕಡೆ ಅದೇ ಒಪ್ಪಂದ. ಊಟ ಇರುವವರೆಗೆ ಶಾಂತಿ.

ಇನ್ನು, ಡ್ರ್ಯಾಗನ್ ಮೊಸಳೆಯ ಹಾಗೆ ಬಿಸಿಲಲ್ಲಿ ಮೈ ಕಾಯಿಸಿಕೊಳ್ಳುವ ಪ್ರಾಣಿಯಾದರೆ ನಾವು ಬದುಕಿದೆವು. ಒಳಗಿನಿಂದ ಮೈ ಬಿಸಿ ಇಟ್ಟುಕೊಳ್ಳುವ ಖರ್ಚು ಅದಕ್ಕಿಲ್ಲ. ಹತ್ತರಲ್ಲಿ ಒಂದು ಪಾಲು ಊಟ ಸಾಕು. ಐದು ದಿನಕ್ಕೊಂದು ಕುರಿ.

ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ. ಇದು ನಡೆದದ್ದು. ಲಂಡನ್ ಮೃಗಾಲಯದಲ್ಲಿ ಜೋನ್ ಪ್ರಾಕ್ಟರ್ ಅಂತ ಒಬ್ಬರಿದ್ದರು. ಸರೀಸೃಪಗಳ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಶಾಲೆಗೆ ಹೋಗುವಾಗಲೇ ಮರಿ ಮೊಸಳೆ ಸಾಕಿ, ಅದನ್ನು ಗಣಿತದ ಪಾಠಕ್ಕೂ ಕರೆತಂದಿದ್ದ ಹುಡುಗಿ. ಚಿಕ್ಕಂದಿನಿಂದ ಕಾಯಿಲೆ. 1927ರಲ್ಲಿ ಆ ಮೃಗಾಲಯಕ್ಕೆ ಇಂಡೊನೇಷ್ಯಾ ಕಡೆಯಿಂದ ಎರಡು ಕೊಮೊಡೊ ಡ್ರ್ಯಾಗನ್ ಬಂದವು. ಹೆಸರಿಗೆ ಡ್ರ್ಯಾಗನ್, ಜಾತಿಯಲ್ಲಿ ಉಡ. ಮೂರು ಮೀಟರ್‌ವರೆಗೆ ಬೆಳೆಯುತ್ತದೆ, ಜಿಂಕೆ ಹೊಡೆಯುತ್ತದೆ, ಕಚ್ಚಿದರೆ ವಿಷ. ಒಂದೇ ಊಟಕ್ಕೆ ತನ್ನ ತೂಕದ ಮುಕ್ಕಾಲು ಪಾಲಿಗಿಂತ ಜಾಸ್ತಿ ನುಂಗಬಲ್ಲದು. ಎಲ್ಲರೂ ಹೆದರಿದ್ದರು. ಪ್ರಾಕ್ಟರ್ ಅದಕ್ಕೆ ಕೈಯಾರೆ ತಿನ್ನಿಸುವುದಕ್ಕೆ ಶುರು ಮಾಡಿದರು. ಹೊತ್ತಿಗೆ ಸರಿಯಾಗಿ, ಹೊಟ್ಟೆ ತುಂಬ.

ಎರಡರಲ್ಲಿ ಒಂದರ ಹೆಸರು ಸುಂಬಾವಾ. ಅದು ಈ ಹೆಂಗಸಿನ ಜೊತೆ ಮೃಗಾಲಯದ ದಾರಿಯಲ್ಲಿ ನಡೆದಾಡುತ್ತಿತ್ತು. ಹಗ್ಗ ಇಲ್ಲ, ಸರಪಳಿ ಇಲ್ಲ. ಅದು ಮುಂದೆ, ಅವರು ಹಿಂದೆ. ಯಾವ ಕಡೆ ತಿರುಗಬೇಕು ಅಂತ ತಿಳಿಸೋಕೆ ಬಾಲ ಹಿಡಿದುಕೊಳ್ಳುತ್ತಿದ್ದರು, ದೋಣಿಗೆ ಚುಕ್ಕಾಣಿ ಹಿಡಿದ ಹಾಗೆ! ಮಕ್ಕಳು ಅದರ ಮೈ ಮುಟ್ಟುತ್ತಿದ್ದರು. 1928ರಲ್ಲಿ ಅದನ್ನು ಪ್ರಾಣಿಶಾಸ್ತ್ರ ಸಂಘದ ಸಭೆಗೇ ಕರೆದೊಯ್ದರು. ದೊಡ್ಡ ದೊಡ್ಡ ವಿದ್ವಾಂಸರು ಕೂತಿದ್ದಾರೆ. ಇವರು ಸುಂಬಾವಾಗೆ ಒಂದು ದೊಡ್ಡ ಕೋಳಿ ಕೊಟ್ಟರು, ಮೊಟ್ಟೆ ಕೊಟ್ಟರು, ಒಂದು ಪಾರಿವಾಳವನ್ನೂ ಕೊಟ್ಟರು. ಅದು ನುಂಗುತ್ತಲೇ ಇದೆ, ಇವರು ಅದರ ಮೈ ತಟ್ಟುತ್ತಾ, ಕೆರೆಯುತ್ತಾ ನಿಂತಿದ್ದಾರೆ. ನಾಯಿಗೆ ಕೂಡ ಊಟದ ಹೊತ್ತಲ್ಲಿ ಹಾಗೆ ಮಾಡೋಕೆ ನನಗೆ ಧೈರ್ಯ ಬರಲ್ಲ. ಪ್ರಾಕ್ಟರ್ 1931ರಲ್ಲಿ ತೀರಿಕೊಂಡರು, 34 ವರ್ಷಕ್ಕೆ. ನನ್ನ ಮೇಜಿನ ಎದುರು ಒಂದೇ ಒಂದು ಫೋಟೋ ಹಾಕು ಅಂದರೆ ನಾನು ಅವರದ್ದನ್ನೇ ಹಾಕುವುದು.

ಇದನ್ನು ಕೇಳಿ ಜನ ತಕ್ಷಣ ಪ್ರೀತಿ, ಪ್ರೀತಿ ಅನ್ನುತ್ತಾರೆ. ಪ್ರೀತಿ ಇರಲಿ ಸ್ವಾಮಿ, ಆ ಕೋಳಿಯನ್ನು ಮರೆಯಬೇಡಿ! ನನ್ನದೇ ಕಥೆ ಕೇಳಿ. ಒಮ್ಮೆ ಸಾಕಿದ ಉಡಕ್ಕೆ ಮೊಟ್ಟೆ ಒಡೆದು ಕೊಟ್ಟೆ. ಕೈ ತೊಳೆಯದೆ ಅದರ ನೀರಿನ ತಟ್ಟೆ ಎತ್ತಲು ಹೋದೆ. ಸೀಳು ನಾಲಿಗೆ ಒಮ್ಮೆ ಹೊರಬಂತು, ಹೆಬ್ಬೆರಳನ್ನು ಸವರಿತು. ಮರುಕ್ಷಣ ಬೆರಳು ಅದರ ಬಾಯಲ್ಲಿ. ಉಡದ ಪಟ್ಟು ಅಂತೀವಲ್ಲ, ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಎಳೆದಷ್ಟೂ ಬಿಗಿ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ ಮೇಲೆ ಬಿಟ್ಟಿತು. ಅದಕ್ಕೆ ನನ್ನ ಮೇಲೆ ಕೋಪ ಇತ್ತಾ? ಖಂಡಿತ ಇಲ್ಲ. ನನ್ನ ಹೆಬ್ಬೆರಳಿಗೆ ಮೊಟ್ಟೆಯ ವಾಸನೆ ಇತ್ತು, ಅಷ್ಟೇ.

ಕೊಟ್ಟ ಸಮಯ ಮುಗಿಯುತ್ತಾ ಬಂತು, ನಾನೇ ಮಾತು ಬೆಳೆಸಿಬಿಟ್ಟೆ. ಕೊಮೊಡೊ ದ್ವೀಪದ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಈಗಲೂ ಸಾವಿರಕ್ಕೂ ಹೆಚ್ಚು ಜನ ಈ ಡ್ರ್ಯಾಗನ್‌ಗಳ ನಡುವೆ ವಾಸವಾಗಿದ್ದಾರೆ. ಅವರು ಹೇಳುವ ಹಳೆ ಕಥೆಯಲ್ಲಿ ನಾಗಕನ್ಯೆಯೊಬ್ಬಳಿಗೆ ಅವಳಿ ಹುಟ್ಟಿತಂತೆ. ಒಂದು ಗಂಡು ಮಗು, ಇನ್ನೊಂದು ಡ್ರ್ಯಾಗನ್ ಮರಿ. ಹಾಗಾಗಿ ಅವರಿಗೆ ಅದು ಒಡಹುಟ್ಟಿದ್ದು. ಹಿಂದೆ ಜಿಂಕೆ ಬೇಟೆಯಾಡಿದವರು ಅದಕ್ಕೊಂದು ಪಾಲು ಬಿಡುತ್ತಿದ್ದರು. ಕೇಳಿಸಿಕೊಂಡಿರಾ? ಪಾಲು! 1980ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನವಾಯಿತು, ಬೇಟೆ ನಿಂತಿತು, ಪಾಲೂ ನಿಂತಿತು. 2007ರಲ್ಲಿ ಅಲ್ಲಿ ಎಂಟು ವರ್ಷದ ಹುಡುಗನೊಬ್ಬ ಡ್ರ್ಯಾಗನ್ ಬಾಯಿಗೆ ಸಿಕ್ಕು ಸತ್ತ. ಪಾಲು ನಿಲ್ಲಿಸಿದ್ದಕ್ಕೇ ಹೀಗಾಯಿತು ಅಂತ ಊರವರು ಹೇಳಿದರು. ನಾನು ಊರವರ ಕಡೆ. ಅವರ ಮನೆಗಳೂ ನೆಲದ ಮೇಲಿಲ್ಲ, ಎತ್ತರದ ಮರದ ಕಂಬಗಳ ಮೇಲಿವೆ.

ಬೆಂಕಿ ಉಗುಳಿದರೆ ಏನು ಮಾಡೋದು ಅಂತ ಕೇಳುವವರಿಗೆ: ಬಾಂಬಾರ್ಡಿಯರ್ ಅನ್ನುವ ಒಂದು ದುಂಬಿ ಹೆಚ್ಚುಕಮ್ಮಿ 100 ಡಿಗ್ರಿ ಬಿಸಿಯ ದ್ರವವನ್ನು ಹಿಂದಿನಿಂದ ಚಿಮ್ಮಿಸುತ್ತದೆ. ಹಿಡಿಯಲು ಬಂದವರಿಗೆ ಮಾತ್ರ. ಕೆಣಕಬೇಡಿ, ಮುಗಿಯಿತು.

ಹಾರುವ ಡ್ರ್ಯಾಗನ್ ಬೇಕು ಅನ್ನುವವರಿಗೆ ಒಂದು ಒಳ್ಳೆ ಸುದ್ದಿ ಇದೆ. ಭೂಮಿಯ ಮೇಲೆ ಹಾರಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದು ಡೈನೋಸಾರ್‌ಗಳ ಕಾಲದ ಕ್ವೆಟ್ಸಲ್‌ಕೋಟ್ಲಸ್. ರೆಕ್ಕೆ ಬಿಚ್ಚಿದರೆ ಹತ್ತು ಮೀಟರ್, ಆದರೂ ತೂಕ ಸುಮಾರು 250 ಕಿಲೋ. ಆನೆಯಷ್ಟು ಭಾರ ಇದ್ದರೆ ಹಾರಲು ಆಗುವುದಿಲ್ಲ. ಆದ್ದರಿಂದ ಹಾರುವ ಡ್ರ್ಯಾಗನ್ ಸಾಕುವವರಿಗೆ ವಾರಕ್ಕೆ ಎರಡು ಕುರಿ ಸಾಕು. ತಂದುಕೊಡಲು ಊರಲ್ಲಿ ಯಾರು ಒಪ್ಪಿಕೊಂಡರು ಅಂತ ನನಗೊಂದು ಕಾಗದ ಬರೆದು ತಿಳಿಸಿ.

ನಮಸ್ಕಾರ.