ಚಿತ್ರದಲ್ಲಿ ಕಾಣದ ಮೂರು ಮುಖಗಳು

ನಮಸ್ಕಾರ. ಇವತ್ತು ಅಡುಗೆಮನೆಯ ಮೇಜಿನ ಮೇಲೆ ಗಣಿತ ಹರಡಿಕೊಂಡು ಕುಳಿತಿದ್ದೇವೆ. ಹಾವು-ಏಣಿ ಆಟದ ದಾಳ, ಟೂತ್‌ಪೇಸ್ಟಿನ ಖಾಲಿ ಡಬ್ಬಿ, ಕಾಗದ ಸುತ್ತಿದ ಒಂದು ತಗಡಿನ ಡಬ್ಬಿ, ಹುಟ್ಟುಹಬ್ಬದ ಟೋಪಿ, ಒಂದು ಕಿತ್ತಳೆ, ರಾತ್ರಿಯೇ ನೆನೆಹಾಕಿದ ಒಣಬಟಾಣಿ. ಎದುರಿಗೆ ಇರುವವಳು ನನ್ನ ಅಕ್ಕನ ಮಗಳು, ಮೂರನೆಯ ತರಗತಿ. ಕ್ಯಾಮೆರಾದಲ್ಲಿ ಅವಳ ಕೈಗಳಷ್ಟೇ ಕಾಣುತ್ತವೆ. ಈ ಪಾಠಕ್ಕೆ ಬೇಕಾದದ್ದೂ ಕೈಗಳೇ.

ಮೊದಲು ಪುಸ್ತಕದ ಈ ಪುಟ ನೋಡಿ. ಇಲ್ಲಿ ಘನದ ಚಿತ್ರವಿದೆ. ಇದಕ್ಕೆ ಎಷ್ಟು ಮುಖಗಳು ಎಂದು ಕೇಳಿದೆ. ಬೆರಳಿಟ್ಟು ಎಣಿಸಿ, "ಮೂರು, ಚಿಕ್ಕಮ್ಮ" ಎಂದಳು. ಅವಳ ಲೆಕ್ಕದಲ್ಲಿ ದೋಷವಿಲ್ಲ, ಹಾಳೆಯ ಮೇಲೆ ಇರುವುದೇ ಅಷ್ಟು. ಘನವನ್ನು ಹೇಗೆ ತಿರುಗಿಸಿ ಹಿಡಿದರೂ ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಮುಖಗಳು ಕಣ್ಣಿಗೆ ಬೀಳುವುದಿಲ್ಲ. ಬರಿಯ ಚಿತ್ರ ತೋರಿಸಿ ಘನಾಕೃತಿಗಳನ್ನು ಕಲಿಸುವುದು ನನ್ನ ಮನಸ್ಸಿಗೆ ಒಪ್ಪದಿರುವುದು ಇದಕ್ಕಾಗಿಯೇ. ಆರು ಮುಖ, ಹನ್ನೆರಡು ಅಂಚು, ಎಂಟು ಶೃಂಗ ಎಂದು ಬಾಯಿಪಾಠ ಮಾಡಿಸಬಹುದು. ಪರೀಕ್ಷೆಯ ಹೊತ್ತಿಗೆ ಯಾವುದು ಎಂಟು, ಯಾವುದು ಹನ್ನೆರಡು ಎಂದು ಮಗು ತಡವರಿಸುತ್ತದೆ.

ಈಗ ದಾಳ. ಇದರ ಎದುರುಬದುರು ಮುಖಗಳ ಚುಕ್ಕಿಗಳನ್ನು ಕೂಡಿದರೆ ಯಾವಾಗಲೂ 7 ಬರುತ್ತದೆ. 1, 2, 3 ಕಾಣುತ್ತಿದ್ದರೆ ಹಿಂದೆ ಅಡಗಿರುವುದು 6, 5, 4. (ಅಗ್ಗದ ದಾಳಗಳಲ್ಲಿ ಈ ಕ್ರಮ ತಪ್ಪಿರಬಹುದು, ಆಟಕ್ಕೆ ಮೊದಲು ನೀವೇ ನೋಡಿಕೊಳ್ಳಿ.) ದಾಳವನ್ನು ಎತ್ತದೆ, ಅದರ ಅಡಿಯಲ್ಲಿ ಎಷ್ಟು ಚುಕ್ಕಿ ಇದೆ ಎಂದು ಅವಳು ಹೇಳುತ್ತಿದ್ದಾಳೆ, ಕೇಳಿ. ಕಾಣದ ಮುಖವೂ ಅಲ್ಲಿ ಇದ್ದೇ ಇದೆ ಎಂಬುದು ಅವಳಿಗೆ ಈಗ ಖಾತರಿಯಾಗಿದೆ.

ಮೂಲೆಗಳ ಲೆಕ್ಕಕ್ಕೆ ಟೂತ್‌ಪೇಸ್ಟಿನ ಡಬ್ಬಿ. ಇದು ಆಯತ ಘನ. ಮಕ್ಕಳು ಡಬ್ಬಿಯನ್ನು ತಿರುಗಿಸುತ್ತಾ ಎಣಿಸುವಾಗ ಎಣಿಸಿದ ಮೂಲೆಯನ್ನೇ ಮತ್ತೆ ಎಣಿಸಿಬಿಡುತ್ತಾರೆ. ಹಾಗಾಗಿ ಎಣಿಸಿದ ಮೂಲೆಗೊಂದು ಕುಂಕುಮದ ಬೊಟ್ಟು. ಎಂಟಕ್ಕೆ ಮುಗಿಯಿತು. ಮೂಲೆಯ ಈ ಮೊನೆಯೇ ಶೃಂಗ. ಎರಡು ಮುಖಗಳು ಕೂಡುವ ಗೆರೆ ಅಂಚು. ಅದರ ಮೇಲೆ ಬೆರಳು ಎಳೆಯುತ್ತಾ ಎಣಿಸಿದರೆ ಮೇಲೆ ನಾಲ್ಕು, ಕೆಳಗೆ ನಾಲ್ಕು, ನಿಂತಿರುವುದು ನಾಲ್ಕು.

ಅವಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಆರು ಮುಖಗಳಿಗೂ ನಾಲ್ಕು ನಾಲ್ಕು ಅಂಚು ಇವೆಯಲ್ಲ, ಇಪ್ಪತ್ನಾಲ್ಕು ಆಗಬೇಕಲ್ಲವೇ?" ಎಂದು ಕೇಳಿದಳು. ಈ ಪ್ರಶ್ನೆ ಬಂದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಕ್ಯಾಮೆರಾ ಇರುವುದನ್ನೇ ಮರೆತೆ. ವಠಾರದ ಅಕ್ಕಪಕ್ಕದ ಮನೆಗಳಿಗೆ ನಡುಗೋಡೆ ಒಂದೇ ಇರುವಂತೆ, ಪ್ರತಿ ಅಂಚೂ ಎರಡು ಮುಖಗಳಿಗೆ ಸೇರಿದ್ದು. ಇಪ್ಪತ್ನಾಲ್ಕರಲ್ಲಿ ಅರ್ಧ, ಹನ್ನೆರಡು. ಆರು ಮುಖಗಳಿಗೆ ನಾಲ್ಕು ನಾಲ್ಕರಂತೆ ಮೂಲೆಗಳೂ ಇಪ್ಪತ್ನಾಲ್ಕೇ, ಆದರೆ ಒಂದೊಂದು ಶೃಂಗದಲ್ಲಿ ಮೂರು ಮುಖಗಳು ಕೂಡುತ್ತವೆ, ಆದ್ದರಿಂದ ಅಲ್ಲಿ ಇಪ್ಪತ್ನಾಲ್ಕನ್ನು ಮೂರರಿಂದ ಭಾಗಿಸಬೇಕು, ಎಂಟು.

ಇನ್ನು ಬಟಾಣಿ. ಈ ಉಪಾಯ ನನ್ನದಲ್ಲ. ಜರ್ಮನಿಯಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ರೂಪಿಸಿದ್ದು. ಮರದ ಗೋಳ, ಘನ, ಸಿಲಿಂಡರುಗಳನ್ನು ಮಕ್ಕಳ ಕೈಗೆ ಕೊಟ್ಟವರೂ ಅವರೇ. ನೆನೆದ ಬಟಾಣಿಗೆ ಹಲ್ಲುಕಡ್ಡಿ ಚುಚ್ಚಿದರೆ ಬಟಾಣಿ ಶೃಂಗ, ಕಡ್ಡಿ ಅಂಚು. ಬಟಾಣಿ ಒಣಗಿದ ಮೇಲೆ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಎಂಟು ಬಟಾಣಿ, ಹನ್ನೆರಡು ಕಡ್ಡಿ: ಘನದ ಚೌಕಟ್ಟು ನಿಂತಿತು. ಬೆರಳಿನಿಂದ ಮೆಲ್ಲನೆ ತಳ್ಳಿದಳು. ನೋಡಿ, ಇಡೀ ಚೌಕಟ್ಟು ಒಂದು ಕಡೆಗೆ ವಾಲಿತು. ಈಗ ನಾಲ್ಕು ಬಟಾಣಿ, ಆರು ಕಡ್ಡಿಗಳಿಂದ ತ್ರಿಕೋನ ಪಾದದ ಪಿರಮಿಡ್. ಇದನ್ನು ಎಷ್ಟು ಅದುಮಿದರೂ ಅಲುಗುವುದಿಲ್ಲ. ಚೌಕದ ಬದಿಗಳ ಉದ್ದ ಬದಲಾಗದೆಯೇ ಚೌಕ ಓರೆಯಾಗಬಲ್ಲದು. ತ್ರಿಕೋನಕ್ಕೆ ಹಾಗೆ ಓರೆಯಾಗಲು ಎಡೆಯೇ ಇಲ್ಲ. ಹೊಲದ ನಡುವೆ ನಿಂತ ವಿದ್ಯುತ್ ಗೋಪುರಗಳಲ್ಲಿ, ಕಬ್ಬಿಣದ ರೈಲ್ವೆ ಸೇತುವೆಗಳಲ್ಲಿ ಓರೆಪಟ್ಟಿಗಳು ಏಕಿರುತ್ತವೆ ಎಂದು ಕೇಳುವ ಮಗುವಿಗೆ ಈ ಬಟಾಣಿಯೇ ಉತ್ತರ.

ದುಂಡನೆಯ ಆಕೃತಿಗಳನ್ನು ಬೇಗ ನೋಡೋಣ. ತಗಡಿನ ಡಬ್ಬಿ ಸಿಲಿಂಡರ್: ಎರಡು ಚಪ್ಪಟೆ ವೃತ್ತಗಳು, ನಡುವೆ ಒಂದು ಬಾಗಿದ ಮೇಲ್ಮೈ, ಶೃಂಗವಿಲ್ಲ. ಸುತ್ತಿದ ಕಾಗದವನ್ನು ಬಿಡಿಸಿದರೆ ಆಯತ. ಅದರ ಉದ್ದ, ಮುಚ್ಚಳದ ಅಗಲದ ಮೂರು ಪಟ್ಟಿಗಿಂತ ತುಸು ಹೆಚ್ಚು. ದಾರ ಹಿಡಿದು ಅಳೆದು ನೋಡಿ. ಟೋಪಿ ಶಂಕು, ತುದಿಯಲ್ಲಿ ಒಂದೇ ಮೊನೆ, ಬಿಡಿಸಿದರೆ ವೃತ್ತದ ಒಂದು ತುಂಡು. ಕಿತ್ತಳೆ ಮಾತ್ರ ಮಣಿಯುವುದಿಲ್ಲ. ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿದರೆ ಹರಿಯುತ್ತದೆ. ಗೋಳದ ಮೇಲ್ಮೈಯನ್ನು ಎಳೆಯದೆ, ಹರಿಯದೆ ಚಪ್ಪಟೆ ಮಾಡಲಾಗದು. ಗೋಡೆಗೆ ಹಾಕುವ ಕೆಲವು ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದು ಹಾಗೆ ಎಳೆದದ್ದರಿಂದ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು.

ಎಣಿಕೆ ಸರಿಯೇ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1750ರಲ್ಲಿ ಗೆಳೆಯ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಇದನ್ನು ಹೇಳಿದ್ದಾರೆ. ಚಪ್ಪಟೆ ಮುಖಗಳಿರುವ, ನಡುವೆ ತೂತಿಲ್ಲದ ಆಕೃತಿಯಲ್ಲಿ ಮುಖಗಳನ್ನೂ ಶೃಂಗಗಳನ್ನೂ ಕೂಡಿಸಿ ಅಂಚುಗಳನ್ನು ಕಳೆದರೆ 2 ಉಳಿಯುತ್ತದೆ. ಘನಕ್ಕೆ 6 + 8 − 12. ನಮ್ಮ ಬಟಾಣಿ ಪಿರಮಿಡ್ಡಿಗೆ 4 + 4 − 6.

ಮುಂದಿನ ವಿಡಿಯೋವನ್ನು ವಿಜಯಪುರದಿಂದ ಮಾಡುತ್ತೇವೆ. 1656ರಲ್ಲಿ ಮುಗಿದ ಗೋಳಗುಮ್ಮಟ ಒಂದು ದೊಡ್ಡ ಘನ, ಅದರ ನೆತ್ತಿಯ ಮೇಲೆ ಅರ್ಧಗೋಳ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟು ಬದಿಯ ಗೋಪುರಗಳಿವೆ. ಅಂಥ ಗೋಪುರದ ಒಂದೇ ಅಂತಸ್ತನ್ನು, ಮೇಲೂ ಕೆಳಗೂ ಮುಚ್ಚಿದ ನೇರ ಡಬ್ಬಿ ಎಂದು ಎಣಿಸಿ, ಅದಕ್ಕೆ ಎಷ್ಟು ಮುಖ, ಎಷ್ಟು ಅಂಚು, ಎಷ್ಟು ಶೃಂಗ ಎಂದು ಮಕ್ಕಳಿಂದಲೇ ಬರೆಸಿ ಕಳುಹಿಸಿ. ಕೂಡಿ ಕಳೆದಾಗ 2 ಬರದಿದ್ದರೆ ಬಟಾಣಿ ನೆನೆಹಾಕಿ.