ಕಾಡಿಗೆ, ಲೆನ್ಸ್, ಸಂಜೆಯ ಕೆಂಪು ಕಣ್ಣು

[ದೃಶ್ಯ: ಕನ್ನಡಿಯ ಮುಂದೆ ಕೆಳರೆಪ್ಪೆಯ ಒಳಅಂಚಿಗೆ ಕಾಡಿಗೆ ಎಳೆಯುತ್ತಿರುವ ಕೈ]

ಬೆಳಿಗ್ಗೆ ಸರಿಯಾಗೇ ಇದ್ದ ಕಣ್ಣು ಸಂಜೆ ನಾಲ್ಕಕ್ಕೆಲ್ಲ ಕೆಂಪು. ಮರಳು ಬಿದ್ದ ಹಾಗೆ ಚುಚ್ಚುತ್ತೆ, ಆಮೇಲೆ ಸುಮ್ಮನೆ ನೀರು ಸುರಿಯುತ್ತೆ. ಬಹಳ ಸಲ ಇದು ಒಣಗಣ್ಣು, ಅಂದರೆ ಡ್ರೈ ಐ. ಇಷ್ಟು ನೀರು ಬರುವಾಗ ಒಣಗಣ್ಣು ಹೇಗಾಗುತ್ತೆ? ಇಲ್ಲಿ ಕೊರತೆ ಬಹಳ ಸಲ ನೀರಿನದ್ದಲ್ಲ, ಎಣ್ಣೆಯದ್ದು.

[ದೃಶ್ಯ: ರೆಪ್ಪೆಯಂಚು, ತೀರಾ ಹತ್ತಿರದಿಂದ]

ರೆಪ್ಪೆಗೂದಲ ಹಿಂದೆ, ಗುಡ್ಡೆಗೆ ತಾಗುವ ಅಂಚಿನಲ್ಲಿ ಸಾಲಾಗಿ ಸಣ್ಣ ಚುಕ್ಕೆಗಳಿವೆ ನೋಡಿ. ಮೈಬೋಮಿಯನ್ ಗ್ರಂಥಿಗಳ ಬಾಯಿ ಅವು. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಕಣ್ಣು ಮಿಟುಕಿಸಿದಾಗೆಲ್ಲ ಇವು ತುಸು ಎಣ್ಣೆ ಬಿಡುತ್ತವೆ. ಅದು ಕಣ್ಣೀರಿನ ಮೇಲೆ ಹರಡಿಕೊಂಡು, ನೀರು ಬೇಗ ಆರಿಹೋಗದ ಹಾಗೆ ಕಾಯುತ್ತೆ.

ನಾವು ಕಾಡಿಗೆ ಎಳೆಯೋದು ಸರಿಯಾಗಿ ಇದೇ ಸಾಲಿನ ಮೇಲೆ! ಮೇಣ, ಬಣ್ಣ ಮೆತ್ತಿಕೊಂಡು ಬಾಯಿ ಮುಚ್ಚುತ್ತೆ, ಒಳಗಿನ ಎಣ್ಣೆ ಗಟ್ಟಿಯಾಗುತ್ತೆ. ಮನೆಯಲ್ಲಿ ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ್ದಾದರೂ ಅಷ್ಟೇ. ಮಸಿ, ಎಣ್ಣೆ ಎರಡೂ ಕಣ್ಣಲ್ಲಿರೋ ಕಾಂಟ್ಯಾಕ್ಟ್ ಲೆನ್ಸಿಗೆ ಅಂಟುತ್ತವೆ.

ಲೆನ್ಸ್ ಕಣ್ಣೀರಿನ ಪದರವನ್ನು ಎರಡಾಗಿ ಸೀಳುತ್ತೆ, ಮೇಲುಳಿದ ತೆಳು ಪದರ ಇನ್ನೂ ಬೇಗ ಆರುತ್ತೆ. ಜೊತೆಗೆ ಔಟರ್ ರಿಂಗ್ ರೋಡಿನ ಆಫೀಸ್ ಎಸಿ, ಮಾರ್ಚಿನ ಒಣಗಾಳಿ, ಹೆಲ್ಮೆಟ್ ಗಾಜು ಎತ್ತಿಕೊಂಡು ಸ್ಕೂಟರ್ ಓಡಿಸೋ ಅಭ್ಯಾಸ. ಸ್ಕ್ರೀನ್ ನೋಡುವಾಗ ಮಿಟುಕಿಸೋದೂ ಅರ್ಧಕ್ಕೆ ಇಳಿಯುತ್ತೆ.

[ದೃಶ್ಯ: ಬಿಸಿನೀರು, ಮಡಚಿದ ಬಟ್ಟೆ]

ಮೊದಲ ಎರಡು ವಾರ ಕನ್ನಡಕ ಹಾಕಿ, ಒಳಅಂಚಿಗೆ ಏನೂ ಹಚ್ಚಬೇಡಿ. ದಿನಕ್ಕೆರಡು ಸಲ, ಮುಚ್ಚಿದ ಕಣ್ಣಿನ ಮೇಲೆ ಬಿಸಿ ಬಟ್ಟೆ, 10 ನಿಮಿಷ. ಸುಮಾರು 40 ಡಿಗ್ರಿ ಬಿಸಿ ಸಾಕು, ಮುಂಗೈಗೆ ಹಿತವಾಗಿರಬೇಕು. ಒಂದೇ ಸಲ ಅದ್ದಿ ಇಟ್ಟರೆ ಎರಡು ನಿಮಿಷದಲ್ಲಿ ಬಟ್ಟೆ ತಣ್ಣಗಾಗುತ್ತೆ, ಎಣ್ಣೆ ಕರಗೋದೇ ಇಲ್ಲ. ಬಹಳ ಜನ ಎಡವೋದು ಇಲ್ಲೇ. ಮತ್ತೆ ಮತ್ತೆ ಅದ್ದಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಮೆಲ್ಲಗೆ ಬೆರಳಲ್ಲಿ ನೀವಿ.

ಮತ್ತೆ ಲೆನ್ಸ್ ಶುರು ಮಾಡಿದ ಮೇಲೆ ಕ್ರಮ ಮುಖ್ಯ. ಕೈ ತೊಳೆದು, ಪೂರ್ತಿ ಒರೆಸಿ, ಮೊದಲು ಲೆನ್ಸ್, ಆಮೇಲೆ ಮೇಕಪ್. ರಾತ್ರಿಯೂ ಮೊದಲು ಲೆನ್ಸ್ ತೆಗೆದು, ಆಮೇಲೆ ಮೇಕಪ್ ಒರೆಸೋದು. ಇಲ್ಲವಾದರೆ ರಿಮೂವರಿನ ಎಣ್ಣೆ ಲೆನ್ಸಿನ ಮೇಲೇ ಕೂರುತ್ತೆ. ಕಾಡಿಗೆ, ಲೈನರ್ ಕೂದಲಿನ ಹೊರಗಡೆಗೆ ಮಾತ್ರ. ಮಸ್ಕಾರಾ ಮೂರು ತಿಂಗಳಿಗೆ ಎಸೆಯಿರಿ, ಒಣಗಿತು ಅಂತ ನೀರು ಬೆರೆಸಬೇಡಿ. ತಿಂಗಳ ಲೆನ್ಸ್ ಅಂದರೆ ಪೊಟ್ಟಣ ಒಡೆದ ದಿನದಿಂದ 30 ದಿನ, 30 ಸಲ ಹಾಕೋದಲ್ಲ. ಖರ್ಚು ತೂಗಿಸುವಂತಿದ್ದರೆ ದಿನಕ್ಕೊಂದು ಎಸೆಯುವ ಲೆನ್ಸೇ ಈ ಕಣ್ಣಿಗೆ ಒಳ್ಳೆಯದು.

[ದೃಶ್ಯ: ನಲ್ಲಿ, ಲೆನ್ಸ್ ಡಬ್ಬಿ]

ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ, ಫಿಲ್ಟರಿನದೋ, ಯಾವ ನೀರೂ ಲೆನ್ಸಿಗೆ ತಾಗಬಾರದು. ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾವನ್ನೇ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನೇ, ಹಾಳುಮಾಡಬಲ್ಲದು. ಡಬ್ಬಿಯ ಹಳೇ ಸೊಲ್ಯೂಷನ್ ಚೆಲ್ಲಿ, ಹೊಸದರಲ್ಲೇ ತೊಳೆದು, ಬೋರಲು ಹಾಕಿ ಆರಿಸಿ. ಹಳೆಯದರ ಮೇಲೆ ಹೊಸದನ್ನು ಸುರಿದರೆ ಕ್ರಿಮಿ ಕೊಲ್ಲುವ ಶಕ್ತಿ ಕುಗ್ಗುತ್ತೆ. ಡಬ್ಬಿ ಮೂರು ತಿಂಗಳಿಗೊಮ್ಮೆ ಬದಲಾಗಲಿ.

ಡ್ರಾಪ್ಸ್ ವಿಷಯ. ಬೇಕಾದ್ದು ಪ್ರಿಸರ್ವೇಟಿವ್ (ಔಷಧ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ, ಕಣ್ಣನ್ನು ತೇವವಾಗಿಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಇರುವಂಥದ್ದು. ಹಾಕಿ 15 ನಿಮಿಷ ಬಿಟ್ಟು ಲೆನ್ಸ್. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಇದ್ದರೆ ಮೆತ್ತನೆ ಲೆನ್ಸ್ ಅದನ್ನು ಹೀರಿಕೊಂಡು ದಿನವಿಡೀ ಕಣ್ಣಿಗೆ ಉಣಿಸುತ್ತೆ. ನಾಫಜೋಲಿನ್ ಇರುವ "ಕೆಂಪು ಹೋಗಿಸುವ" ಡ್ರಾಪ್ಸ್ ರಕ್ತನಾಳವನ್ನು ಬಿಗಿ ಹಿಡಿಯುತ್ತೆ ಅಷ್ಟೇ. ಬಿಟ್ಟ ಕೂಡಲೇ ಕೆಂಪು ದುಪ್ಪಟ್ಟಾಗಿ ಮರಳಬಹುದು. ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ಮುಟ್ಟಲೇಬೇಡಿ. ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು, ಸೋಂಕಿದ್ದರೆ ಕೆರಳಬಹುದು.

[ದೃಶ್ಯ: ಒಂದು ಕಣ್ಣು ಮಾತ್ರ ಕೆಂಪು]

ಒಂದೇ ಕಣ್ಣು ಕೆಂಪು, ನೋವು, ಬೆಳಕು ನೋಡಲಾಗದಿರೋದು, ದೃಷ್ಟಿ ಮಂಜು, ಪಿಸುರು. ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ನಿಲ್ಲಿಸಿ, ಲೆನ್ಸ್ ತೆಗೆದು, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಿಂಟೋ ಕಣ್ಣಾಸ್ಪತ್ರೆ ಇದೆ. ತೆಗೆದ ಲೆನ್ಸನ್ನು ಎಸೆಯಬೇಡಿ; ಡಬ್ಬಿ, ಸೊಲ್ಯೂಷನ್ ಬಾಟಲಿ ಸಮೇತ ಒಯ್ಯಿರಿ. ಯಾವ ಸೋಂಕು ಅಂತ ಲ್ಯಾಬಿನಲ್ಲಿ ಅದರಿಂದಲೂ ಪತ್ತೆ ಹಚ್ಚಬಹುದು.