ಮಳೆಗಾಲಕ್ಕೆ ಮನೆಗೆ ಬರುವ ಅಪ್ಪಂದಿರು

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಮ್ಮಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರಾಗಿದ್ದರು. ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಮತ್ತೆ ಮನೆ ಸೇರುತ್ತಿದ್ದದ್ದು ಮಳೆ ಹಿಡಿಯುವ ಹೊತ್ತಿಗೆ. ನಡುವೆ ತೀರ್ಥಹಳ್ಳಿ ಕಡೆ ಆಟ ಇದ್ದರೆ ಬೆಳಗಿನ ಜಾವ ಬರುತ್ತಿದ್ದರು. ಮಧ್ಯಾಹ್ನದ ತನಕ ನಿದ್ದೆ. ಸಂಜೆ ಮತ್ತೆ ಬಸ್ಸು. ಹಾಗಾಗಿ ನನ್ನ ಪಾಲಿಗೆ ಅಪ್ಪ ಅಂದರೆ ಮಳೆಗಾಲ. ಹೊರಗೆ ಜಡಿಮಳೆ, ಒಳಗೆ ಒಲೆ ಪಕ್ಕ ಮದ್ದಳೆ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದಲ್ವಾ, ಅದಕ್ಕೆ ಹದವಾಗಿ ಶಾಖ ತೋರಿಸುವ ಕೆಲಸ ನನ್ನದಾಗಿತ್ತು. ಪಾಠ ಅಂತ ಅವರು ಹೇಳಿಕೊಟ್ಟದ್ದು ಕಡಿಮೆ. ಪಕ್ಕದಲ್ಲಿ ಕೂತು ಕೇಳಿದ್ದೇ ಜಾಸ್ತಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇವತ್ತು ನಾನು ಮಾತಾಡಬೇಕೆಂದುಕೊಂಡಿರುವುದು ದೂರದ ಕೆಲವು ಮಕ್ಕಳ ಬಗ್ಗೆ. ಇಂಗ್ಲೆಂಡ್, ಅಮೆರಿಕದ ದೊಡ್ಡ ದೊಡ್ಡ ರಾಕ್ ಸಂಗೀತಗಾರರ ಮಕ್ಕಳು. ಅವರ ಅಪ್ಪಂದಿರೂ ತಿರುಗಾಟದವರೇ.

ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿದಾಗ ಹಾಸ್ಟೆಲ್ಲಿನ ಗೆಳೆಯನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ನಾನು ಮೊದಲ ಸಲ ಲೆಡ್ ಜೆಪ್ಲಿನ್ ತಂಡವನ್ನು ಕೇಳಿದೆ. ಹಾಡಿನ ಮಾತು ಒಂದೂ ಅರ್ಥವಾಗಲಿಲ್ಲ. ಆದರೆ ಡ್ರಮ್ ಬಾರಿಸುವವನ ಪೆಟ್ಟು ನೇರ ಎದೆಗೆ ಬಂತು. ಅವನ ಹೆಸರು ಜಾನ್ ಬೋನಮ್. 1980ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ, ಆಮೇಲೆ ಉಳಿದ ಮೂವರು ತಂಡವನ್ನೇ ನಿಲ್ಲಿಸಿದರು ಅಂತ ಗೆಳೆಯ ಹೇಳಿದ. ಒಬ್ಬ ಮದ್ದಳೆಗಾರ ಹೋದನೆಂದು ಮೇಳವೇ ನಿಂತಿತಾ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆ ಮುಮ್ಮೇಳದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಹಿಂದೆ ಕೂತು ಬೆಳಗಿನ ತನಕ ಬಾರಿಸುವವನ ಹೆಸರು ಎಷ್ಟು ಜನರಿಗೆ ಗೊತ್ತು?

ಆ ಬೋನಮ್‌ಗೆ ಒಬ್ಬ ಮಗ, ಜೇಸನ್. ನಾಲ್ಕೈದು ವರ್ಷದವನಿದ್ದಾಗಲೇ ಅಪ್ಪ ಅವನಿಗೆ ಒಂದು ಪುಟ್ಟ ಡ್ರಮ್ ಸೆಟ್ ಕೊಡಿಸಿ ಕೂರಿಸಿದ್ದ. ಆ ಮಗು ಬಾರಿಸುವ ದೃಶ್ಯ 1976ರಲ್ಲಿ ಬಂದ ತಂಡದ ಚಿತ್ರದಲ್ಲೇ ಇದೆ. ಅಪ್ಪ ಹೋದಾಗ ಜೇಸನ್‌ಗೆ 14 ವರ್ಷ. ಮುಂದೆ ಅವನೂ ಡ್ರಮ್ಮರ್ ಆದ, ಬೇರೆ ಬೇರೆ ತಂಡಗಳಲ್ಲಿ ಬಾರಿಸಿದ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ-ಟೂ ಅರೀನಾದಲ್ಲಿ ಲೆಡ್ ಜೆಪ್ಲಿನ್‌ನ ಉಳಿದ ಮೂವರು ಒಂದು ರಾತ್ರಿಗೆ ಮತ್ತೆ ಒಟ್ಟಾದರು. ಡ್ರಮ್ ಹಿಂದೆ ಕೂತದ್ದು ಜೇಸನ್.

ಆ ಕಛೇರಿಯ ವಿಡಿಯೋವನ್ನು ನಾನು ಅದೆಷ್ಟು ಸಲ ನೋಡಿದ್ದೇನೋ. ಹಾಡುವವರ ಕಡೆ, ಗಿಟಾರಿನ ಕಡೆ ನನ್ನ ಕಣ್ಣು ಹೋಗುವುದಿಲ್ಲ. ಅಪ್ಪನ ವಾರಿಗೆಯವರ ನಡುವೆ, ಅಪ್ಪನ ಜಾಗದಲ್ಲಿ ಮಗ ಕೂತಿದ್ದಾನೆ. ಅಪ್ಪನ ಪೆಟ್ಟುಗಳು ಅವನ ಕೈಯಲ್ಲಿವೆ. ಆದರೆ ನಕಲು ಅನ್ನಿಸುವುದಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಒಂದು ಕೂದಲೆಳೆಯಷ್ಟು ತಡ ಮಾಡಬೇಕು ಅನ್ನುವುದು ಅವನಿಗೆ ಒಳಗಿನಿಂದ ಗೊತ್ತು. ಅದು ಬರೆದಿಟ್ಟುಕೊಂಡು ಕಲಿಯುವಂಥದ್ದಲ್ಲ.

ಹಾಗಂತ ಎಲ್ಲ ಅಪ್ಪಂದಿರೂ ಕೂರಿಸಿ ಕಲಿಸುವುದಿಲ್ಲ. ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್‌ಗೆ ಮಗ ಝ್ಯಾಕ್ ಡ್ರಮ್ಮರ್ ಆಗುವುದು ಅಷ್ಟೇನೂ ಇಷ್ಟವಿರಲಿಲ್ಲ. ಹುಡುಗನಿಗೆ ಡ್ರಮ್ ಸೆಟ್ ಸಿಕ್ಕಿದ್ದು ಅಪ್ಪನ ಗೆಳೆಯ, ದಿ ಹೂ ತಂಡದ ಕೀತ್ ಮೂನ್‌ನಿಂದ. ಮೂನ್ 1978ರಲ್ಲಿ ತೀರಿಕೊಂಡ. ಅವನು ಬಾರಿಸುತ್ತಿದ್ದ ಅದೇ ತಂಡದಲ್ಲಿ 1996ರಿಂದ ಝ್ಯಾಕ್ ಬಾರಿಸತೊಡಗಿದ. ಎರಡೂವರೆ ದಶಕ ದಾಟಿ ಬಾರಿಸಿದ. ಅಪ್ಪನ ಮನೆಯ ಹುಡುಗ, ಅಪ್ಪನ ಗೆಳೆಯನ ಪೀಠದಲ್ಲಿ. ನಮ್ಮ ಮೇಳಗಳಲ್ಲೂ ಇಂಥದ್ದನ್ನು ಕಂಡಿದ್ದೇನೆ. ಅಪ್ಪನಿಂದ ಬಾರದ ವಿದ್ಯೆ ಅಪ್ಪನ ಜೊತೆಗಾರನಿಂದ ಬರುತ್ತದೆ.

ಈಗ ಕಷ್ಟದ ಕಥೆಗೆ ಬರುತ್ತೇನೆ.

ಜೂಲಿಯನ್ ಲೆನನ್ ಹುಟ್ಟಿದ್ದು 1963ರಲ್ಲಿ. ಅದೇ ವರ್ಷ ಬೀಟಲ್ಸ್ ಹೆಸರು ಇಂಗ್ಲೆಂಡಿನ ತುಂಬ ಹಬ್ಬಿತು. ಅಪ್ಪ, ಆ ತಂಡದ ಜಾನ್ ಲೆನನ್, ಮನೆಯಲ್ಲಿದ್ದ ದಿನಗಳೇ ಕಡಿಮೆ. 1968ರಲ್ಲಿ ಅಪ್ಪ ಅಮ್ಮ ಬೇರೆಯಾದರು. ಆ ಐದು ವರ್ಷದ ಹುಡುಗನನ್ನು ಸಮಾಧಾನ ಮಾಡಲು ಅಪ್ಪನ ಜೊತೆಗಾರ ಪಾಲ್ ಮೆಕಾರ್ಟ್ನಿ ಒಂದು ಹಾಡು ಕಟ್ಟಿದರು. ಅದೇ 'ಹೇ ಜೂಡ್'. ಲೋಕವೆಲ್ಲ ಹಾಡಿದ ಹಾಡು ಅದು. ಅದರ ಹಿಂದೆ ಇರುವುದು ಅಪ್ಪ ಬಿಟ್ಟುಹೋದ ಒಂದು ಮಗುವಿನ ದುಃಖ. ನನಗೆ ಈಗಲೂ ಆ ಹಾಡನ್ನು ಸುಮ್ನೆ ಹಾಡಾಗಿ ಕೇಳಲು ಆಗುವುದಿಲ್ಲ.

1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಕೊಲೆಯಾಯಿತು. ನಾಲ್ಕು ವರ್ಷದ ನಂತರ ಜೂಲಿಯನ್‌ನ ಮೊದಲ ಆಲ್ಬಮ್ 'ವಲೋಟ್' ಬಂತು. ಚೆನ್ನಾಗಿಯೇ ಓಡಿತು, ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ಅವನ ನಾಮನಿರ್ದೇಶನವೂ ಆಯಿತು. ಆದರೆ ಕೇಳಿದವರೆಲ್ಲ ಅದರಲ್ಲಿ ಹುಡುಕಿದ್ದು ಅಪ್ಪನ ದನಿಯನ್ನು. ಮುಖವೂ ಅಪ್ಪನದೇ, ಕಂಠವೂ ಅಪ್ಪನದೇ. ಪಾಪ, ಆ 21ರ ಹುಡುಗ ಏನು ಮಾಡಬೇಕು?

ಇದರ ನೋವು ನನಗೆ ಸ್ವಲ್ಪ ಗೊತ್ತು. ಅಪ್ಪ ಹೋದ ವರ್ಷ ಮಳೆಗಾಲದ ಒಂದು ಆಟಕ್ಕೆ ನನ್ನನ್ನು ಮದ್ದಳೆಗೆ ಕೂರಿಸಿದರು. ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದು, "ಅಪ್ಪಯ್ಯನ ಹಾಗೇ ಬಾರಿಸ್ತೀಯ ಮಾರಾಯ" ಅಂದರು. ಅವರ ಹಿಂದೆಯೇ ಇನ್ನೊಬ್ಬರು, "ಆದ್ರೂ ಅವರ ಕೈ ಬರ್ಲಿಲ್ಲ ಬಿಡು" ಅಂದರು. ಎರಡೂ ಪ್ರೀತಿಯಿಂದಲೇ ಹೇಳಿದ ಮಾತುಗಳು. ಎರಡೂ ನೋಯಿಸಿದವು. ನಾನು ಹೇಗೆ ಬಾರಿಸಿದೆ ಅಂತ ಯಾರೂ ಹೇಳಲಿಲ್ಲ.

2022ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಜೂಲಿಯನ್ ಒಂದು ಆಲ್ಬಮ್ ತಂದ. ಅದಕ್ಕೆ ಇಟ್ಟ ಹೆಸರು 'ಜೂಡ್'. ಐದು ವರ್ಷದವನಿಗೆ ಬೇರೆಯವರು ಕೊಟ್ಟ ಹೆಸರನ್ನು ತನ್ನದಾಗಿಸಿಕೊಳ್ಳಲು ಅವನಿಗೆ ಅಷ್ಟು ಕಾಲ ಬೇಕಾಯಿತು.

ಅವನ ತಮ್ಮ, ಎರಡನೆಯ ತಾಯಿಯ ಮಗ ಶಾನ್. ಹುಟ್ಟಿದ್ದು 1975ರ ಅಕ್ಟೋಬರ್ 9ರಂದು, ಅಪ್ಪ ಹುಟ್ಟಿದ ದಿನವೇ. ಈ ಮಗ ಹುಟ್ಟಿದ ಮೇಲೆ ಜಾನ್ ಸುಮಾರು ಐದು ವರ್ಷ ಸಂಗೀತದ ವ್ಯಾಪಾರವನ್ನೆಲ್ಲ ಬದಿಗಿಟ್ಟು, ಮನೆಯಲ್ಲಿ ರೊಟ್ಟಿ ಬೇಯಿಸಿಕೊಂಡು, ಮಗುವನ್ನು ನೋಡಿಕೊಂಡು ಇದ್ದ. ದೊಡ್ಡವನಿಗೆ ಸಿಗದ ಅಪ್ಪ ಚಿಕ್ಕವನಿಗೆ ಐದು ವರ್ಷ ಸಿಕ್ಕಿದ. ಶಾನ್ ಕೂಡ ಸಂಗೀತಗಾರನೇ ಆದ. ಮೊದಲ ಸ್ವಂತ ಆಲ್ಬಮ್ ಬಂದದ್ದು 1998ರಲ್ಲಿ. ಅಣ್ಣನ ಮೇಲೆ ಬಿದ್ದಷ್ಟು ಭಾರ ಅವನ ಸಂಗೀತದ ಮೇಲೆ ಬಿದ್ದಂತೆ ನನಗೆ ಕಾಣುವುದಿಲ್ಲ.

ಅಪ್ಪನ ಹತ್ತಿರ ಇದ್ದರೆ ವಿದ್ಯೆ ಬರುತ್ತದೆ, ಇಲ್ಲದಿದ್ದರೆ ಇಲ್ಲ ಅಂತ ನಾನು ತುಂಬ ದಿನ ನಂಬಿದ್ದೆ. ಅದನ್ನು ಅಲ್ಲಾಡಿಸಿದವನು ಜೆಫ್ ಬಕ್ಲಿ. ಅಪ್ಪ ಟಿಮ್ ಬಕ್ಲಿ ಹೆಸರಾಂತ ಗಾಯಕ. ಮಗ ಅಮ್ಮನ ಜೊತೆ ಬೆಳೆದ. ಅಪ್ಪನನ್ನು ಸರಿಯಾಗಿ ಕಂಡದ್ದು ಎಂಟನೇ ವಯಸ್ಸಿನಲ್ಲಿ, ಅದೂ ಕೆಲವೇ ದಿನ. ಅದೇ ವರ್ಷ, 1975ರಲ್ಲಿ, 28ರ ಟಿಮ್ ತೀರಿಕೊಂಡ. ಆದರೂ 1994ರಲ್ಲಿ 'ಗ್ರೇಸ್' ಅನ್ನುವ ಆಲ್ಬಮ್‌ನಲ್ಲಿ ಆ ಮಗನ ಕಂಠ ಕೇಳಿ. ಅಪ್ಪನ ಹಾಗೆಯೇ ಮೇಲಿನ ಸ್ಥಾಯಿಗೆ ಹಾರಿ ಅಲ್ಲೇ ನಿಲ್ಲುತ್ತದೆ. ಯಾರು ಕಲಿಸಿದರು? 1997ರಲ್ಲಿ ಅವನೂ ನದಿಯಲ್ಲಿ ಮುಳುಗಿ ಹೋಗಿಬಿಟ್ಟ. 30 ವರ್ಷ ಅಷ್ಟೇ.

ನಮ್ಮ ಪಂಡಿತ್ ರವಿಶಂಕರ್ ರಾಕ್‌ನವರಲ್ಲ. ಆದರೂ ಅವರ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯಲೇಬೇಕು. ಅನೌಷ್ಕಾ ಅಪ್ಪನ ಎದುರು ಕೂತು ಸಿತಾರ್ ಕಲಿತರು. ನೋರಾ ಜೋನ್ಸ್ ಅಮ್ಮನ ಜೊತೆ ಅಮೆರಿಕದ ಟೆಕ್ಸಸ್‌ನಲ್ಲಿ ಬೆಳೆದು ಪಿಯಾನೊ ಹಿಡಿದರು, ಅಮ್ಮನ ಕಡೆಯ ಹೆಸರನ್ನೇ ಇಟ್ಟುಕೊಂಡರು. 2002ರಲ್ಲಿ ಬಂದ ನೋರಾ ಅವರ ಮೊದಲ ಆಲ್ಬಮ್ ಮರುವರ್ಷ ಗ್ರ್ಯಾಮಿಗಳನ್ನು ಬಾಚಿಕೊಂಡಿತು. ಅದರಲ್ಲಿ ಸಿತಾರಿನ ಸುಳಿವೇ ಇಲ್ಲ. ಅಮೆರಿಕದ ಹಾಡುಗಾರ ಬಾಬ್ ಡಿಲನ್ ಮಗ ಜೇಕಬ್ ಕೂಡ ಅಪ್ಪನ ಹೆಸರನ್ನು ಮುಂದಿಡದೆ ವಾಲ್‌ಫ್ಲವರ್ಸ್ ಅಂತ ತಂಡ ಕಟ್ಟಿ ಗೆದ್ದ.

ಕೊನೆಗೆ ಉಳಿಸಿಕೊಂಡದ್ದು ನನಗೆ ತುಂಬ ಹತ್ತಿರವಾದ ಹುಡುಗನನ್ನು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಸಿತಾರ್ ಕಲಿಯಲು ರವಿಶಂಕರ್ ಬಳಿಗೆ ಬಂದವರು. 1978ರಲ್ಲಿ ಮಗ ಹುಟ್ಟಿದಾಗ ನಮ್ಮ ಸರಿಗಮದ ಎರಡು ಸ್ವರ ತೆಗೆದು ಹೆಸರಿಟ್ಟರು. ಧ ಮತ್ತು ನಿ. ಧನಿ ಹ್ಯಾರಿಸನ್. ನಮ್ಮೂರಿನಲ್ಲಿ ಆ ಹೆಸರನ್ನು ಕೂಗಿದರೆ 'ದನಿ' ಅಂತಲೇ ಕೇಳುತ್ತದೆ. ಎಂಥ ಹೆಸರು, ಅಲ್ವಾ!

ಧನಿ ಮೊದಲು ಸಂಗೀತಕ್ಕೆ ಬರಲಿಲ್ಲ. ಭೌತಶಾಸ್ತ್ರ, ವಿನ್ಯಾಸ ಓದಿ, ಮೆಕ್ಲಾರೆನ್ ರೇಸ್ ಕಾರಿನ ಕಂಪನಿಯಲ್ಲಿ ಕೆಲಸ ಮಾಡಿದ. 2001ರ ನವೆಂಬರ್ 29ರಂದು ಜಾರ್ಜ್ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ಆಲ್ಬಮ್ ಅರ್ಧಕ್ಕೆ ನಿಂತಿತ್ತು. ಹಾಡುಗಳ ಕಚ್ಚಾ ರೂಪ ಇತ್ತು, ಹೇಗೆ ಮುಗಿಸಬೇಕೆಂಬ ಸೂಚನೆಗಳೂ ಇದ್ದವು. ಜೆಫ್ ಲಿನ್ ಎಂಬ ಸಂಗೀತಗಾರ ಗೆಳೆಯನ ಜೊತೆ ಕೂತು ಮಗ ಅದನ್ನು ಮುಗಿಸಿದ. ಅಪ್ಪನಿಗೆ ಜಾಸ್ತಿ ನಯ ನಾಜೂಕು ಮಾಡುವುದು ಬೇಡವಾಗಿತ್ತು. ಅದನ್ನು ಹಾಗೆಯೇ ಉಳಿಸಿದ. 2002ರಲ್ಲಿ ಬಂದ ಆ ಆಲ್ಬಮ್‌ನ ಹೆಸರು 'ಬ್ರೈನ್‌ವಾಶ್ಡ್'.

ಜಾರ್ಜ್ ಹೋಗಿ ಸರಿಯಾಗಿ ಒಂದು ವರ್ಷಕ್ಕೆ ಲಂಡನ್ನಿನಲ್ಲಿ ಗೆಳೆಯರೆಲ್ಲ ಸೇರಿ ಕಛೇರಿ ಮಾಡಿದರು. ಧನಿ ಹಿಂದಿನ ಸಾಲಿನಲ್ಲಿ ನಿಂತು ಗಿಟಾರ್ ನುಡಿಸಿದ. ಧನಿಯನ್ನು ವೇದಿಕೆಯಲ್ಲಿ ನೋಡಿದರೆ, ನಾವೆಲ್ಲ ಮುದುಕರಾದೆವು, ಜಾರ್ಜ್ ಮಾತ್ರ ಹುಡುಗನಾಗಿಯೇ ಉಳಿದಂತೆ ಕಾಣುತ್ತದೆ ಅಂತ ಜಾರ್ಜ್ ಹೆಂಡತಿ ಹೇಳಿದ್ದನ್ನು ಪಾಲ್ ಮೆಕಾರ್ಟ್ನಿ ಅದೇ ವೇದಿಕೆಯಲ್ಲಿ ನೆನೆದರು.

ಆ ಆಲ್ಬಮ್‌ನ ಕೊನೆಯ ಹಾಡಿನ ತುದಿಯಲ್ಲಿ ಗಿಟಾರು, ಡ್ರಮ್ಮು ಎಲ್ಲ ನಿಂತುಹೋಗುತ್ತದೆ. ಆಮೇಲೆ ಜಾರ್ಜ್ ಮತ್ತು ಧನಿ, ಅಪ್ಪ ಮಗ ಇಬ್ಬರೇ ಸೇರಿ ಹೇಳುತ್ತಾರೆ: ನಮಃ ಪಾರ್ವತೀ ಪತಯೇ.

ನಮ್ಮ ಮನೆಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಭಜನೆ ಮುಗಿಯುತ್ತಿದ್ದದ್ದೂ ಹೀಗೆಯೇ. ಅಪ್ಪ ಮದ್ದಳೆ ಕೆಳಗಿಟ್ಟು ಗಟ್ಟಿಯಾಗಿ ಕೂಗುತ್ತಿದ್ದರು, ನಾವು ಮಕ್ಕಳು ಓ ಅನ್ನುವಂತೆ ಉತ್ತರ ಕೊಡುತ್ತಿದ್ದೆವು. ಮೊದಲ ಸಲ ಆ ಹಾಡು ಕೇಳಿದಾಗ ನಾನು ಒಬ್ಬನೇ ಕೂತಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಆ ಅಪ್ಪ ಮಗನ ದನಿ ಮುಗಿಯುವ ಮೊದಲೇ ನನ್ನ ಬಾಯಿಂದ ಉತ್ತರ ಬಂದುಬಿಟ್ಟಿತ್ತು, ಹರ ಹರ ಮಹಾದೇವ ಅಂತ.

ನಮಸ್ಕಾರ.